ಪಟ್ಟಿ ಮೊದಲು, ಪೆಟ್ಟಿಗೆ ಆಮೇಲೆ

ಪ್ರಶ್ನೆ: ಮೂವತ್ತು ವರ್ಷಗಳಿಂದ ಅಂಚೆಚೀಟಿ ಕೂಡಿಸುತ್ತಾ ಬಂದಿದ್ದೇನೆ. ಹದಿನೆಂಟು ಆಲ್ಬಂಗಳಾಗಿವೆ. ಜೊತೆಗೆ ಒಂದಿಷ್ಟು ಹಳೆಯ ನಾಣ್ಯಗಳು, ಹತ್ತು ಹನ್ನೆರಡು ಫಿಲ್ಮ್ ಕ್ಯಾಮೆರಾಗಳು, ಅಜ್ಜ ಜೋಪಾನ ಮಾಡಿಟ್ಟಿದ್ದ ಪತ್ರಗಳ ಒಂದು ಪೆಟ್ಟಿಗೆ. ಎಲ್ಲವೂ ಮಹಡಿ ಕೋಣೆಯ ಮರದ ಬೀರುವಿನಲ್ಲಿವೆ. ಕಳೆದ ತಿಂಗಳು ಪಕ್ಕದ ಮನೆಗೆ ಬೆಂಕಿ ಬಿತ್ತು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಬೆಂಕಿ ತಡೆಯುವ ಲಾಕರ್ ಒಂದನ್ನು ಕೊಂಡರೆ ಸಾಕೇ? ಮನೆಗೆ ವಿಮೆ ಇದೆ. ಸಂಗ್ರಹವೂ ಅದರಲ್ಲೇ ಸೇರುತ್ತದೆಯೇ, ಬೇರೆ ಪಾಲಿಸಿ ಬೇಕೇ? ಅಜ್ಜನ ಪತ್ರಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ. ಅವನ್ನು ಏನು ಮಾಡಲಿ?

ಉತ್ತರ: ಲಾಕರ್ ಕೊಳ್ಳುವುದನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಿ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದಕ್ಕೆ ಖರ್ಚೂ ಇಲ್ಲ: ನಿಮ್ಮಲ್ಲಿ ಏನೇನಿದೆ ಎಂಬುದರ ಪಟ್ಟಿ. ಬೆಂಕಿ ಬಿದ್ದ, ನೀರು ನುಗ್ಗಿದ ಮನೆಗಳಿಗೆ ಹೋಗಿ ನಷ್ಟ ಅಳೆಯುವುದು ನನ್ನ ಉದ್ಯೋಗ. ನಾನೂ ನಿಮ್ಮ ಹಾಗೆ ಚೀಟಿ ಕೂಡಿಸುವವನು. ಆದ್ದರಿಂದ ಕಳೆದುಕೊಂಡವರ ಸಂಕಟವೂ ಗೊತ್ತು, ವಿಮೆಯವರು ಯಾವ ಪ್ರಶ್ನೆ ಕೇಳುತ್ತಾರೆ ಎಂಬುದೂ ಗೊತ್ತು.

ಒಂದು ಮನೆಯನ್ನು ನಾನು ಮರೆಯಲಾರೆ. ಬೆಂಕಿ ಹೊತ್ತಿಕೊಂಡದ್ದು ನಡುಮನೆಯಲ್ಲಿ, ಟೀವಿ ಇಟ್ಟಿದ್ದ ಮೂಲೆಯಲ್ಲಿ. ಚೀಟಿಗಳಿದ್ದ ಕೋಣೆಯವರೆಗೆ ಜ್ವಾಲೆ ಬಂದೇ ಇರಲಿಲ್ಲ. ಆದರೆ ಆ ಕೋಣೆಯ ಬಾಗಿಲು ತೆರೆದಿತ್ತು. ಹೊಗೆ ಒಳಗೆ ಹೋಯಿತು, ಆಮೇಲೆ ಅಗ್ನಿಶಾಮಕದವರು ಹಾಯಿಸಿದ ನೀರು ಹೋಯಿತು. ಕೆಳಗಿನ ಹಲಗೆಯ ಆಲ್ಬಂಗಳು ಉಬ್ಬಿ, ಬೆನ್ನು ಬಿಚ್ಚಿಕೊಂಡಿದ್ದವು. ಒಂದನ್ನು ಎತ್ತಿ ಪುಟ ತೆರೆಯಲು ನೋಡಿದೆ. ಗೋಂದು ಕರಗಿ, ಇಡೀ ಪುಟದ ಚೀಟಿಗಳು ಎದುರಿನ ಹಾಳೆಗೆ ಕಚ್ಚಿಕೊಂಡು ಒಂದೇ ಹಲಗೆಯಂತಾಗಿದ್ದವು. ಮೇಲಿನ ಹಲಗೆಯವು ಹೊರಗಿನಿಂದ ಚೆನ್ನಾಗಿಯೇ ಕಂಡವು. ತೆರೆದರೆ ಪ್ರತಿ ಪುಟದ ಅಂಚಿನಿಂದ ಬೆರಳಗಲ ಒಳಕ್ಕೆ ಬೂದು ಬಣ್ಣದ ಗೆರೆ. ಮನೆಯ ಯಜಮಾನರು ಹೊರಗಿನ ಮೆಟ್ಟಿಲ ಮೇಲೆ ಒಂದು ನೋಟ್‌ಬುಕ್ ಹಿಡಿದು ಕೂತಿದ್ದರು. ನನಗೆ ಕೊಡಲು ನೆನಪಿನಿಂದ ಪಟ್ಟಿ ಬರೆಯುತ್ತಿದ್ದರು. ಮೊದಲ ಹತ್ತು ಚೀಟಿಗಳ ಬಗ್ಗೆ ಮುದ್ರೆ ಯಾವ ಕೋನದಲ್ಲಿ ಬಿದ್ದಿದೆ ಎನ್ನುವವರೆಗೂ ಹೇಳಬಲ್ಲರು. ಸಂಜೆಯ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ 61 ಸಾಲುಗಳಿದ್ದವು. ಅವರ ಬಳಿ ಇದ್ದದ್ದು ಎರಡು ಸಾವಿರಕ್ಕೂ ಮೇಲೆ. ಫೋಟೋ ಇಲ್ಲ, ಬಿಲ್ಲಿಲ್ಲ, ಎಲ್ಲೂ ಬರೆದಿಟ್ಟದ್ದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಆದರೆ ನನ್ನ ವರದಿಯಲ್ಲಿ ಬರೆಯಲು ನನಗೆ ಆಧಾರ ಬೇಕಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಪಟ್ಟಿ ಮೊದಲು.

ಎಲ್ಲವನ್ನೂ ಒಂದೇ ಸಮ ವಿವರವಾಗಿ ಬರೆಯಲು ಹೊರಟರೆ ಮೂರನೇ ಆಲ್ಬಂಗೆ ಸುಸ್ತಾಗಿ ಕೈಬಿಡುತ್ತೀರಿ. ಮೊದಲ ದಿನ ಕೋಣೆಯ ವೀಡಿಯೋ ಮಾಡಿ. ಬೀರು ತೆರೆಯಿರಿ, ಒಂದೊಂದೇ ಹಲಗೆ, ಒಂದೊಂದೇ ಡಬ್ಬಿ ತೋರಿಸುತ್ತಾ ಇದು ಇಂಥದ್ದು ಎಂದು ಬಾಯಲ್ಲೇ ಹೇಳುತ್ತಾ ಹೋಗಿ. ಹತ್ತು ನಿಮಿಷದ ಕೆಲಸ. ನಾಳೆಯೇ ಏನಾದರೂ ಆದರೂ ಅಷ್ಟಂತೂ ಕೈಯಲ್ಲಿರುತ್ತದೆ. ಆಮೇಲೆ ಬಿಡುವಾದಾಗ ಆಲ್ಬಂಗಳ ಪುಟಪುಟದ ಫೋಟೋ, ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ. ಸಾಮಾನ್ಯ ಚೀಟಿಗಳಿಗೆ ಪುಟದ ಫೋಟೋ ಸಾಕು. ಬೆಲೆಯ ಹೆಚ್ಚಿನ ಪಾಲು ಕೆಲವೇ ಚೀಟಿಗಳಲ್ಲಿ ಇರುತ್ತದಲ್ಲ, ಅವಕ್ಕೆ ಮಾತ್ರ ಬೇರೆ ಬೇರೆ ಫೋಟೋ ಬೇಕು: ಮುಂಭಾಗ, ಹಿಂಭಾಗ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಹಿಂಭಾಗ ಮರೆಯಬೇಡಿ, ಗೋಂದು ಉಳಿದಿದೆಯೋ ಇಲ್ಲವೋ, ಹಿಂಜ್ (ಚೀಟಿಯನ್ನು ಆಲ್ಬಂಗೆ ಅಂಟಿಸುವ ಸಣ್ಣ ಕಾಗದದ ತುಂಡು) ಗುರುತು ಇದೆಯೋ ಎನ್ನುವುದರ ಮೇಲೆ ಬೆಲೆ ನಿಂತಿರುತ್ತದೆ. ತಜ್ಞರ ಪ್ರಮಾಣಪತ್ರ ಇದ್ದರೆ ಅದರ ಫೋಟೋ. ನಾಣ್ಯಕ್ಕೆ ಎರಡೂ ಮುಖ, ಅಂಚು, ತೂಕ, ವ್ಯಾಸ. ಕ್ಯಾಮೆರಾಕ್ಕೆ ಬಾಡಿಯ ಸೀರಿಯಲ್ ನಂಬರ್ ಒಂದು, ಲೆನ್ಸಿನದು ಇನ್ನೊಂದು, ಶಟರ್ ಕೆಲಸ ಮಾಡುತ್ತದೆಯೇ ಎಂಬ ಒಂದು ಸಾಲು. ಯಾವಾಗ, ಯಾರಿಂದ, ಎಷ್ಟಕ್ಕೆ ಕೊಂಡಿರಿ ಎಂಬುದು ನೆನಪಿದ್ದಷ್ಟು. ಹಳೆಯ ಬಿಲ್ಲು, ಹರಾಜಿನ ರಸೀದಿ, ಹಣ ಕಳಿಸಿದ ಬ್ಯಾಂಕ್ ದಾಖಲೆ ಸಿಕ್ಕರೆ ಎಲ್ಲವನ್ನೂ ಫೋಟೋ ತೆಗೆದು ಸೇರಿಸಿ.

ಆ ಪಟ್ಟಿಯನ್ನು ಅದೇ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ಕಡತ ಜೋಪಾನ ಮಾಡುವವರು ಪಾಲಿಸುವ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಫೋನಿನಲ್ಲೊಂದು, ಹಾರ್ಡ್ ಡಿಸ್ಕಿನಲ್ಲೊಂದು, ಮೂರನೆಯದು ಕ್ಲೌಡಿನಲ್ಲೋ ಬೇರೆ ಊರಿನ ಮಗಳ ಮನೆಯಲ್ಲೋ ಇರಲಿ. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲಿನ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿಯಿತು. ಸುಮಾರು 2 ಕೋಟಿ ವಸ್ತುಗಳಿದ್ದ ಜಾಗ ಅದು. ಹವಾನಿಯಂತ್ರಣ ಯಂತ್ರವೊಂದರಿಂದ ಬೆಂಕಿ ಶುರುವಾಯಿತೆಂದು ತನಿಖೆಯಲ್ಲಿ ಕಂಡುಬಂತು. ಮರುದಿನವೇ ಅಲ್ಲಿನ ವಿದ್ಯಾರ್ಥಿಗಳು, ಹಿಂದೆ ಮ್ಯೂಸಿಯಂ ನೋಡಲು ಬಂದವರೆಲ್ಲ ತಾವು ತೆಗೆದಿದ್ದ ಫೋಟೋ ಕಳಿಸಿಕೊಡಿ ಎಂದು ಮನವಿ ಮಾಡಿದರು. ಒಂದು ದೇಶದ ಮ್ಯೂಸಿಯಂಗೇ ಪ್ರವಾಸಿಗರ ಸೆಲ್ಫಿಯಲ್ಲಿ ತನ್ನ ವಸ್ತುಗಳನ್ನು ಹುಡುಕಬೇಕಾದ ದಿನ ಬಂತು. ನಮ್ಮಂಥವರ ಬೀರುವಿನ ಫೋಟೋ ಯಾವ ಪ್ರವಾಸಿಯ ಬಳಿಯೂ ಇರುವುದಿಲ್ಲ.

ಈಗ ಲಾಕರಿನ ಮಾತಿಗೆ ಬರೋಣ. ಬೆಂಕಿ ಎಂದರೆ ಸುಡುವುದು ಎಂದಷ್ಟೇ ಅಂದುಕೊಂಡು ಲಾಕರ್ ಕೊಳ್ಳುವವರು ಬಹಳ. ನಿಜವಾಗಿ ಕಾಗದದ ಸಂಗ್ರಹಕ್ಕೆ ಹೆಚ್ಚು ಪೆಟ್ಟು ಕೊಡುವುದು ಬೆಂಕಿಯ ಬೆನ್ನಿಗೇ ಬರುವ ನೀರು. 1988ರ ಫೆಬ್ರವರಿಯಲ್ಲಿ ರಷ್ಯಾದ ಲೆನಿನ್‌ಗ್ರಾಡಿನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ವಿಜ್ಞಾನ ಅಕಾಡೆಮಿಯ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಪುಸ್ತಕಗಳು ಸುಮಾರು 4 ಲಕ್ಷ. ನೆನೆದವು ಅದರ ಹಲವು ಪಟ್ಟು. ಊರಿನ ಜನ ಒದ್ದೆ ಪುಸ್ತಕಗಳನ್ನು ಮನೆಗೆ ಒಯ್ದು ಒಣಗಿಸಿಕೊಟ್ಟರು. 2004ರಲ್ಲಿ ಜರ್ಮನಿಯ ವೈಮಾರ್ ನಗರದ ಅನ್ನಾ ಅಮಾಲಿಯಾ ಗ್ರಂಥಾಲಯದಲ್ಲೂ ಹಾಗೇ: 50 ಸಾವಿರ ಸಂಪುಟ ಬೆಂಕಿಪಾಲು, ಇನ್ನೂ 62 ಸಾವಿರ ಬೆಂಕಿ ಮತ್ತು ನೀರಿನಿಂದ ಹಾಳು. ಒದ್ದೆಯಾದವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ ಉಳಿಸಿಕೊಂಡರು. ಆ ಉಪಾಯ ನಿಮಗೂ ಬೇಕಾಗಬಹುದು, ಮುಂದೆ ಹೇಳುತ್ತೇನೆ.

ಬೆಂಕಿ ತಡೆಯುವ ಲಾಕರ್ ಕೆಲಸ ಮಾಡುವ ಬಗೆ ತಿಳಿದರೆ ಆಯ್ಕೆ ಸುಲಭ. ಅದರ ಗೋಡೆಯೊಳಗೆ ಜಿಪ್ಸಮ್ಮೋ ಕಾಂಕ್ರೀಟಿನಂಥ ತುಂಬುವಸ್ತುವೋ ಇರುತ್ತದೆ. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಪಾಲಿನಷ್ಟು ನೀರು, ರಾಸಾಯನಿಕವಾಗಿ ಬೆಸೆದುಕೊಂಡದ್ದು. ಬಿಸಿಯೇರಿದಾಗ ಆ ನೀರು ಆವಿಯಾಗಿ ಬಿಡುಗಡೆಯಾಗುತ್ತದೆ, ಶಾಖವನ್ನು ಅದೇ ಹೀರಿಕೊಳ್ಳುತ್ತದೆ. ಹೀಗಾಗಿ ಒಳಗಿನ ಕಾಗದ ಸುಡುವುದಿಲ್ಲ. ಆದರೆ ಆ ಆವಿಯ ಒಂದಂಶ ಒಳಕ್ಕೂ ಬರುತ್ತದೆ. ಆಸ್ತಿಪತ್ರಕ್ಕೆ ಅದರಿಂದ ಏನೂ ಆಗದು. ಗೋಂದು ಇರುವ ಚೀಟಿಗೆ ಮಾತ್ರ ಅದು ಇಡ್ಲಿ ಪಾತ್ರೆಯಲ್ಲಿ ಕೂತಂತೆಯೇ.

ಲಾಕರಿನ ಬಾಗಿಲಿನ ಮೇಲಿರುವ ಲೇಬಲ್ ಓದಿ. ಯುಎಲ್ 72 ಎಂಬ ಅಮೆರಿಕದ ಪರೀಕ್ಷೆಯಲ್ಲಿ ‘ಕ್ಲಾಸ್ 350’ ಎಂದರೆ, ಹೇಳಿದಷ್ಟು ಹೊತ್ತು ಕುಲುಮೆಯಲ್ಲಿಟ್ಟರೂ ಒಳಗಿನ ಬಿಸಿ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 177 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ ಎಂದರ್ಥ. ಕಾಗದ ಅದನ್ನು ತಡೆದುಕೊಳ್ಳುತ್ತದೆ. ಆದರೆ ನಿಮ್ಮ ಸ್ಟಾಕ್‌ಬುಕ್ಕಿನಲ್ಲಿ ಚೀಟಿ ಸಿಕ್ಕಿಸಿಡುವ ಪ್ಲಾಸ್ಟಿಕ್ ಪಟ್ಟಿಗಳು, ಚೀಟಿ ಕೂರಿಸಿದ ಪ್ಲಾಸ್ಟಿಕ್ ಮೌಂಟುಗಳು, ನೆಗೆಟಿವ್‌ಗಳು, ಹಾರ್ಡ್ ಡಿಸ್ಕ್ ತಡೆದುಕೊಳ್ಳುವುದಿಲ್ಲ. ಅವಕ್ಕೆ ಬೇಕಾದದ್ದು ‘ಕ್ಲಾಸ್ 125’, ಒಳಗೆ ಸುಮಾರು 52 ಡಿಗ್ರಿ ಸೆಲ್ಸಿಯಸ್ ಮತ್ತು 80 ಶೇಕಡಾ ತೇವಾಂಶ ಮೀರದಂಥದ್ದು. ಯುರೋಪಿನ ಇಎನ್ 1047 ಪರೀಕ್ಷೆಯಲ್ಲೂ ಕಾಗದಕ್ಕೆ ‘ಪಿ’, ಡಿಸ್ಕುಗಳಿಗೆ ‘ಡಿಐಎಸ್’ ಎಂದು ಬೇರೆ ಬೇರೆ ಗುರುತುಗಳಿವೆ. ಕ್ಲಾಸ್ 125 ಲಾಕರಿನಲ್ಲಿ ಒಳಜಾಗ ಕಡಿಮೆ, ತೂಕ ಮತ್ತು ಬೆಲೆ ಹೆಚ್ಚು. ಹದಿನೆಂಟು ಆಲ್ಬಂ ಅದರಲ್ಲಿ ಹಿಡಿಸುವುದಿಲ್ಲ, ಹಿಡಿಸಲೂ ಬೇಡಿ. ಅತಿ ಬೆಲೆಯ ಎರಡು ಆಲ್ಬಂ ಹೋಗಲಿ. ಇನ್ನೊಂದು ಮಾತು, ‘ಫೈರ್‌ಪ್ರೂಫ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಯಾವ ಪರೀಕ್ಷೆ, ಎಷ್ಟು ಹೊತ್ತು ಎಂದು ಹೇಳದ ಲಾಕರನ್ನು ಕೊಳ್ಳಬೇಡಿ. ಕಳ್ಳರನ್ನು ತಡೆಯುವ ದಪ್ಪ ಉಕ್ಕಿನ ಪೆಟ್ಟಿಗೆಯೂ ಬೆಂಕಿ ತಡೆಯುವುದಿಲ್ಲ. ಉಕ್ಕು ಶಾಖವನ್ನು ನೇರ ಒಳಕ್ಕೆ ದಾಟಿಸುತ್ತದೆ.

ಮುಚ್ಚಿದ ಲಾಕರಿನೊಳಗೆ ಬೆಂಕಿಯಿಲ್ಲದ ದಿನಗಳಲ್ಲೂ ತೇವ ಕೂಡುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಮತ್ತು ಚಿಕ್ಕದೊಂದು ತೇವಮಾಪಕ ಒಳಗಿಡಿ. ತಿಂಗಳಿಗೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸಿ. ತೇವಾಂಶ 65 ಶೇಕಡಾ ದಾಟಿ ಹಾಗೇ ನಿಂತರೆ ಕಾಗದದಲ್ಲಿ ಬೂಷ್ಟು, ಲೆನ್ಸಿನಲ್ಲಿ ಫಂಗಸ್ ಖಂಡಿತ. ಬೆಂಕಿಯ ಭಯಕ್ಕೆ ಲಾಕರ್ ತಂದು, ಎರಡು ವರ್ಷ ತೆರೆಯದೆ, ಬೂಷ್ಟಿನಿಂದಲೇ ಆಲ್ಬಂ ಕಳೆದುಕೊಂಡವರನ್ನು ನೋಡಿದ್ದೇನೆ. ಬೂಷ್ಟಿನ ನಷ್ಟಕ್ಕೆ ವಿಮೆಯೂ ಸಾಮಾನ್ಯವಾಗಿ ಬರುವುದಿಲ್ಲ.

ಲಾಕರಿಗೆ ಹೋಗದ ಹದಿನಾರು ಆಲ್ಬಂಗಳ ಗತಿ ಏನು? ಅವಕ್ಕೆ ಜಾಗವೇ ರಕ್ಷಣೆ. ಮಹಡಿಯ ಕೋಣೆ ನೆರೆನೀರಿಗೆ ಒಳ್ಳೆಯದು, ಬೆಂಕಿಗೆ ಕೆಟ್ಟದ್ದು, ಏಕೆಂದರೆ ಹೊಗೆ ಮತ್ತು ಬಿಸಿ ಮೇಲಕ್ಕೇ ಏರುತ್ತವೆ. ನೆಲಮಾಳಿಗೆ ಅದರ ತದ್ವಿರುದ್ಧ. ಛಾವಣಿಯ ಕೆಳಗೂ ಅಲ್ಲದ, ನೆಲಕ್ಕೂ ಅಂಟದ, ಮನೆಯ ನಡುವಿನ ಒಳಗೋಡೆಗೆ ತಾಗಿದ ಜಾಗ ಒಳ್ಳೆಯದು. ಬಚ್ಚಲು ಅಥವಾ ನೀರಿನ ಪೈಪು ಅದರ ತಲೆಯ ಮೇಲೆ ಹಾದುಹೋಗುತ್ತಿರಬಾರದು. ಕೆಳಗಿನ ಹಲಗೆ ನೆಲದಿಂದ 15 ಸೆಂಟಿಮೀಟರಾದರೂ ಮೇಲಿರಲಿ. ಮರದ ಬೀರುವಿಗಿಂತ ಬಣ್ಣ ಬಳಿದು ಕಾಯಿಸಿ ಗಟ್ಟಿ ಮಾಡಿದ ಉಕ್ಕಿನ ಬೀರು ಮೇಲು, ಅದು ತಾನೇ ಹೊತ್ತಿ ಉರಿಯುವುದಿಲ್ಲ. ಆಲ್ಬಂಗಳನ್ನು ಒಂದೊಂದು ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಒತ್ತಾಗಿ ಜೋಡಿಸಿದ ಕಾಗದ ಅಷ್ಟು ಸುಲಭವಾಗಿ ಸುಡುವುದಿಲ್ಲ, ಒಳಗೆ ಗಾಳಿಯಿಲ್ಲದೆ ಅಂಚು ಮಾತ್ರ ಕರಕಲಾಗುತ್ತದೆ. ಆಮ್ಲರಹಿತ ರಟ್ಟಿನ ಸಾಧಾರಣ ಪೆಟ್ಟಿಗೆಯೊಂದು ಹೊಗೆಮಸಿಯನ್ನೂ ಮೊದಲ ಎರಚಲು ನೀರನ್ನೂ ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರೇ ನಂಬಬೇಕು. ಸುಟ್ಟ ಕೋಣೆಗಳಲ್ಲಿ ಹೊರಗೆ ಕಪ್ಪಾಗಿ, ಒಳಗೆ ಬೆಳ್ಳಗೆ ಉಳಿದ ಪೆಟ್ಟಿಗೆಗಳನ್ನು ಎಷ್ಟೋ ಸಲ ತೆರೆದಿದ್ದೇನೆ.

ಪಿವಿಸಿ ಪ್ಲಾಸ್ಟಿಕ್ ಹಾಳೆಗಳಿದ್ದರೆ ಬದಲಿಸಿ. ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ತೇವ ಸಿಕ್ಕರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಕ್ಯಾಮೆರಾದ ಲೋಹದ ಭಾಗ, ನಾಣ್ಯದ ಮೇಲ್ಮೈ ಎರಡನ್ನೂ ಅದು ತಿನ್ನುತ್ತದೆ. ಬೆಳ್ಳಿ ಕರಗಲು 961 ಡಿಗ್ರಿ ಬೇಕು, ತಾಮ್ರಕ್ಕೆ 1085, ಆದ್ದರಿಂದ ನಾಣ್ಯಕ್ಕೆ ಬೆಂಕಿ ಏನು ಮಾಡೀತು ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ನಾಣ್ಯ ಕರಗದೆ ಉಳಿದರೂ ಮೇಲ್ಮೈ ಕೆಟ್ಟಿತೆಂದರೆ ಉಳಿದದ್ದು ಲೋಹದ ಬೆಲೆ ಮಾತ್ರ.

ಕ್ಯಾಮೆರಾಗಳ ಜೊತೆ ಹಳೆಯ ನೆಗೆಟಿವ್‌ಗಳೂ ಬಂದಿವೆಯೇ? ಇದ್ದರೆ ಇವತ್ತೇ ನೋಡಿ. 1950ರ ದಶಕದ ಆರಂಭದವರೆಗೂ ನೈಟ್ರೇಟ್ ಫಿಲ್ಮ್ ಬಳಕೆಯಲ್ಲಿತ್ತು. ಅದು ಉರಿಯಲು ಬೇಕಾದ ಆಮ್ಲಜನಕ ಅದರಲ್ಲೇ ಇದೆ, ಒಮ್ಮೆ ಹೊತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರದು. ಅಂಚಿನಲ್ಲಿ ‘ಸೇಫ್ಟಿ’ ಎಂದು ಅಚ್ಚಾಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಫಿಲ್ಮ್ ಹಳದಿಯಾಗಿ, ಜಿಗುಟಾಗಿ, ಮೂಗಿಗೆ ಹೊಡೆಯುವ ವಾಸನೆ ಬರುತ್ತಿದ್ದರೆ ಲಾಕರಿನಲ್ಲಿ ಬಿಗಿದಿಡಬೇಡಿ, ಮನೆಯಲ್ಲೂ ಇಟ್ಟುಕೊಳ್ಳಬೇಡಿ. ಫಿಲ್ಮ್ ಸಂರಕ್ಷಣೆ ಬಲ್ಲವರನ್ನು ಕರೆಸಿ.

ಬೆಂಕಿ ಬಾರದಂತೆ ನೋಡಿಕೊಳ್ಳುವುದರ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಿಲ್ಲ. ಪಕ್ಕದ ಮನೆ ಕಲಿಸಿದೆ. ಸಂಗ್ರಹದ ಕೋಣೆಯಲ್ಲಿ ಚಾರ್ಜರ್ ಬೇಡ, ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಹೊಗೆ ಪತ್ತೆಯ ಅಲಾರಂ ಆ ಕೋಣೆಯ ಒಳಗೂ ಹೊರಗಿನ ದಾರಿಯಲ್ಲೂ ಇರಲಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ. ರಾತ್ರಿ ಮಲಗುವಾಗ ಆ ಕೋಣೆಯ ಬಾಗಿಲು ಮುಚ್ಚಿ. ನಾನು ಮೇಲೆ ಹೇಳಿದ ಮನೆಯಲ್ಲಿ ಬಾಗಿಲು ಮುಚ್ಚಿದ್ದರೆ ಮೇಲಿನ ಹಲಗೆಯ ಆಲ್ಬಂಗಳಷ್ಟೂ ಉಳಿಯುತ್ತಿದ್ದವು. ಬೆಂಕಿ ಆರಿಸುವ ಸಿಲಿಂಡರುಗಳಲ್ಲಿ ಒಣಪುಡಿಯದು ಬೆಂಕಿಗೆ ಗಟ್ಟಿ, ಆದರೆ ಆ ಪುಡಿ ತೇವದ ಜೊತೆ ಸೇರಿ ಲೋಹವನ್ನು ಕೊರೆಯುತ್ತದೆ, ಲೆನ್ಸ್ ಸಂದುಗಳಿಂದ ತೆಗೆಯುವುದು ಕಷ್ಟ. ಇಂಗಾಲದ ಡೈಆಕ್ಸೈಡಿನದು ಪುಡಿಯನ್ನೋ ಕಲೆಯನ್ನೋ ಬಿಟ್ಟುಹೋಗುವುದಿಲ್ಲ, ವಿದ್ಯುತ್ ಬೆಂಕಿಗೆ ಒಳ್ಳೆಯದು. ಆದರೆ ಚಿಕ್ಕ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ, ಕಾಗದದ ಒಳಗಿನ ಕೆಂಡವನ್ನೂ ಆರಿಸುವುದಿಲ್ಲ. ಕೋಣೆಯ ಹೊರಗೆ ಬಾಗಿಲ ಬಳಿ, ಓಡುವ ದಾರಿ ನಿಮ್ಮ ಬೆನ್ನಿಗಿರುವಂತೆ ಸಿಲಿಂಡರ್ ಇಡಿ. ಒಂದು ಮಾತಂತೂ ಮನೆಮಂದಿಗೆಲ್ಲ ಹೇಳಿಡಿ: ಹೊಗೆ ತುಂಬಿದ ಕೋಣೆಗೆ ಆಲ್ಬಂ ತರಲು ಯಾರೂ ಮತ್ತೆ ಒಳಗೆ ಹೋಗಕೂಡದು. ಮ್ಯೂಸಿಯಂಗಳಲ್ಲಿ ಮೊದಲು ಏನು ತೆಗೆಯಬೇಕೆಂಬ ಪಟ್ಟಿ ಇರುತ್ತದೆ. ನಿಮ್ಮದೂ ಒಂದು ಸಣ್ಣ ಚೀಟಿ ಇರಲಿ, ಎರಡೇ ಪೆಟ್ಟಿಗೆ, ಯಾವ ಹಲಗೆ ಎಂದು. ಅದು ಅಗ್ನಿಶಾಮಕದವರ ಕೈಗೆ ಕೊಡಲಿಕ್ಕೆ.

ಇನ್ನು ವಿಮೆ. ನಿಮ್ಮ ಮನೆಯ ಪಾಲಿಸಿಯಲ್ಲಿ ಸಂಗ್ರಹ ಸೇರಿದೆಯೇ ಎಂದರೆ, ಹೆಸರಿಗೆ ಸೇರಿರಬಹುದು, ಕೆಲಸಕ್ಕೆ ಬರುವಷ್ಟು ಸೇರಿರುವುದು ಅಪರೂಪ. ಮನೆ ಪಾಲಿಸಿಗಳನ್ನು ಬರೆದಿರುವುದು ಸೋಫಾ, ಫ್ರಿಜ್ಜು, ಬಟ್ಟೆಬರೆ ಮನಸ್ಸಿನಲ್ಲಿಟ್ಟುಕೊಂಡು. ಪಾಲಿಸಿಯ ಹಿಂಬದಿಯ ಪುಟಗಳನ್ನು ತೆಗೆದು ಹುಡುಕಿ. ಅಮೂಲ್ಯ ವಸ್ತು, ಕಲಾಕೃತಿ, ಅಂಚೆಚೀಟಿ, ನಾಣ್ಯ ಇಂಥವಕ್ಕೆಲ್ಲ ಸೇರಿ ಒಂದು ಮಿತಿ ಇರುತ್ತದೆ. ಒಂದೊಂದು ವಸ್ತುವಿಗೂ ಬೇರೆ ಮಿತಿ ಇರುತ್ತದೆ. ಕೆಲವು ಪಾಲಿಸಿಗಳಲ್ಲಿ ಚೀಟಿ, ನಾಣ್ಯಗಳನ್ನು ಹೆಸರಿಸಿಯೇ ಹೊರಗಿಟ್ಟಿರುತ್ತಾರೆ. ಇನ್ನೊಂದು, ಹಳೆಯದಾದಂತೆ ಬೆಲೆ ಕಡಿಮೆ ಎಂಬ ಸವಕಳಿ ಲೆಕ್ಕ. ಫ್ರಿಜ್ಜಿಗೆ ಅದು ಸರಿ. ಎಂಬತ್ತು ವರ್ಷದ ಕ್ಯಾಮೆರಾಕ್ಕೆ ಅದೇ ಲೆಕ್ಕ ಹಾಕಿದರೆ ಕೈಗೆ ಏನೂ ಬಾರದು.

ಹಾಗಾಗಿ ನನ್ನ ಸಲಹೆ, ಸಂಗ್ರಹಕ್ಕೆ ಬೇರೆ ಪಾಲಿಸಿ ಅಥವಾ ಮನೆ ಪಾಲಿಸಿಗೇ ಹೆಸರುಪಟ್ಟಿಯೊಡನೆ ಸೇರ್ಪಡೆ. ಅದರಲ್ಲಿ ‘ಒಪ್ಪಿದ ಮೌಲ್ಯ’ದ ಕ್ರಮ ಸಿಕ್ಕರೆ ಅದನ್ನೇ ಆರಿಸಿ. ಅಂದರೆ ಈ ವಸ್ತುವಿನ ಬೆಲೆ ಇಷ್ಟು ಎಂದು ನೀವೂ ಕಂಪನಿಯೂ ಮೊದಲೇ ಒಪ್ಪಿ ಬರೆದುಕೊಳ್ಳುವುದು. ಪೂರ್ತಿ ನಷ್ಟವಾದರೆ ಅಷ್ಟು ಸಿಗುತ್ತದೆ, ಬೆಲೆಯ ಬಗ್ಗೆ ಆಮೇಲೆ ಚೌಕಾಸಿ ಇರುವುದಿಲ್ಲ. ಮಾರುಕಟ್ಟೆ ಮೌಲ್ಯದ ಕ್ರಮದಲ್ಲಿ, ನಷ್ಟವಾದ ದಿನ ಅದರ ಬೆಲೆ ಎಷ್ಟಿತ್ತು ಎಂಬುದನ್ನು ನೀವೇ ತೋರಿಸಿಕೊಡಬೇಕು.

ಬೆಲೆ ಹಾಕುವಾಗ ಚೀಟಿ ಸಂಗ್ರಾಹಕರು ಮಾಡುವ ತಪ್ಪು ಒಂದೇ: ಚೀಟಿಗಳ ದರಪಟ್ಟಿಯ ಪುಸ್ತಕವಾದ ಕ್ಯಾಟಲಾಗಿನ ಬೆಲೆಯನ್ನು ಕೂಡಿಸಿ ಕೊಟ್ಟುಬಿಡುವುದು. ಕ್ಯಾಟಲಾಗಿನ ಬೆಲೆಗೂ ಚೀಟಿ ನಿಜವಾಗಿ ಮಾರಾಟವಾಗುವ ಬೆಲೆಗೂ ಎಷ್ಟು ಅಂತರ ಎಂದು ನಿಮಗೂ ಗೊತ್ತಿದೆ. ಹೆಚ್ಚು ಬೆಲೆ ಬರೆದರೆ ಪ್ರೀಮಿಯಂ ದಂಡ. ಕಡಿಮೆ ಬರೆದರೆ ಪೆಟ್ಟು ಇನ್ನೂ ದೊಡ್ಡದು. ಹಲವು ಪಾಲಿಸಿಗಳಲ್ಲಿ ‘ಸರಾಸರಿ’ ಎಂಬ ಷರತ್ತಿದೆ. ನಿಮ್ಮ ಸಂಗ್ರಹದ ನಿಜಬೆಲೆ ಹತ್ತು ಪಾಲು, ನೀವು ವಿಮೆ ಮಾಡಿಸಿದ್ದು ಆರು ಪಾಲಿಗೆ, ಬೆಂಕಿಯಲ್ಲಿ ಹೋದದ್ದು ಐದು ಪಾಲು ಎನ್ನಿ. ಐದು ಆರಕ್ಕಿಂತ ಕಡಿಮೆ, ಆದ್ದರಿಂದ ಐದೂ ಸಿಗುತ್ತದೆ ಎಂದು ನೀವು ಅಂದುಕೊಳ್ಳುತ್ತೀರಿ. ಸಿಗುವುದು ಮೂರು. ಹತ್ತರಲ್ಲಿ ಆರನ್ನಷ್ಟೇ ವಿಮೆ ಮಾಡಿಸಿದವರಿಗೆ ಪ್ರತಿ ನಷ್ಟದಲ್ಲೂ ಹತ್ತರಲ್ಲಿ ಆರೇ. ಈ ಲೆಕ್ಕವನ್ನು ಬೂದಿಯ ನಡುವೆ ನಿಂತು ವಿವರಿಸುವ ಪಾಡು ನನಗೆ ಎಷ್ಟೋ ಸಲ ಬಂದಿದೆ, ಅದು ನಿಮಗೆ ಬಾರದಿರಲಿ. ನಿಮ್ಮಿಂದ ಕೊಳ್ಳುವ ಆಸಕ್ತಿಯಿಲ್ಲದ, ಸ್ವತಂತ್ರ ಮೌಲ್ಯಮಾಪಕರಿಂದ ಬರಹದಲ್ಲಿ ಬೆಲೆ ಮಾಡಿಸಿ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಿ.

ಸಹಿ ಮಾಡುವ ಮೊದಲು ಕಂಪನಿಯನ್ನು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ, ಉತ್ತರ ಬರಹದಲ್ಲೇ ಇರಬೇಕು. ಬೆಂಕಿಯ ಜೊತೆ ನೆರೆ, ಭೂಕಂಪ, ಬಿರುಗಾಳಿ ಸೇರಿವೆಯೇ, ಅಥವಾ ಅವಕ್ಕೆ ಬೇರೆ ಹಣವೇ? ಹೊಗೆ ಮತ್ತು ಬೆಂಕಿ ಆರಿಸಿದ ನೀರಿನಿಂದಾದ ಹಾನಿ ಬೆಂಕಿಯ ಹಾನಿಯೆಂದೇ ಲೆಕ್ಕವೇ? ಒಂದು ಸೆಟ್ಟಿನ ನಾಲ್ಕರಲ್ಲಿ ಒಂದು ಚೀಟಿ ಹೋದರೆ ಒಂದರ ಬೆಲೆ ಕೊಡುತ್ತಾರೋ, ಸೆಟ್ಟು ಒಡೆದದ್ದರಿಂದ ಉಳಿದ ಮೂರರ ಬೆಲೆ ಇಳಿದದ್ದನ್ನೂ ಕೊಡುತ್ತಾರೋ? ಚೀಟಿ ಉಳಿಯಿತು, ಆದರೆ ಕಲೆಯಾಯಿತು ಎಂದಾಗ ಶುಚಿ ಮಾಡಿಸಿದ ಖರ್ಚು ಮಾತ್ರವೇ, ಬೆಲೆ ಇಳಿದದ್ದೂ ಸೇರಿದೆಯೇ? ಹೊಸದಾಗಿ ಕೊಂಡದ್ದು ಎಷ್ಟು ದಿನದೊಳಗೆ ತಿಳಿಸಬೇಕು? ಪ್ರದರ್ಶನಕ್ಕೆ ಒಯ್ದಾಗ, ಅಂಚೆಯಲ್ಲಿ ಕಳಿಸಿದಾಗ, ಕಾರಿನಲ್ಲಿ ಬಿಟ್ಟು ಹೋದಾಗ? ಪೂರ್ತಿ ಹಣ ಕೊಟ್ಟ ಮೇಲೆ ಉಳಿದ ಅವಶೇಷ ಯಾರದ್ದು? ಸಾಮಾನ್ಯವಾಗಿ ಅದು ಕಂಪನಿಯ ಪಾಲು. ಅರ್ಧ ಸುಟ್ಟ ಆಲ್ಬಂ ಆದರೂ ನನಗೆ ಬೇಕು ಎನ್ನುವವರು, ಅದನ್ನು ಮರಳಿ ಕೊಳ್ಳುವ ಹಕ್ಕು ತಮಗಿದೆ ಎಂದು ಮೊದಲೇ ಬರೆಸಿಕೊಳ್ಳಬೇಕು.

ಗೆದ್ದಲು, ಸಿಲ್ವರ್‌ಫಿಶ್ ಹುಳು, ಬಿಸಿಲಿಗೆ ಬಣ್ಣ ಮಾಸಿದ್ದು, ಕಾಲಕ್ರಮದಲ್ಲಿ ಹಳದಿಯಾದದ್ದು, ಶುಚಿ ಮಾಡುವಾಗ ನಿಮ್ಮ ಕೈಯಿಂದಲೇ ಹರಿದದ್ದು, ಇವು ಯಾವ ಪಾಲಿಸಿಯಲ್ಲೂ ಸಾಮಾನ್ಯವಾಗಿ ಬರುವುದಿಲ್ಲ.

ಮುಚ್ಚಿಡುವುದು ಮಾತ್ರ ಬೇಡ. ನೀವು ಚೀಟಿ ಮಾರುವುದೂ ಉಂಟೆಂದರೆ ಅದನ್ನು ಹೇಳಿ, ಇಲ್ಲದಿದ್ದರೆ ನಾಳೆ ಇದು ಹವ್ಯಾಸವಲ್ಲ, ವ್ಯಾಪಾರ ಎಂದು ಕ್ಲೇಮ್ ನಿಲ್ಲಬಹುದು. ಅಲಾರಂ ಇದೆ, ಲಾಕರಿನಲ್ಲಿಡುತ್ತೇನೆ ಎಂದು ಅರ್ಜಿಯಲ್ಲಿ ಬರೆದರೆ ಅದು ಷರತ್ತಾಗಿ ಕೂರುತ್ತದೆ. ಬೆಂಕಿ ಬಿದ್ದ ದಿನ ಅಲಾರಮ್ಮಿನ ಬ್ಯಾಟರಿ ಸತ್ತಿದ್ದರೆ ಅದೇ ಒಂದು ಕೊಕ್ಕೆ. ಪಾಲಿಸುವಷ್ಟನ್ನೇ ಬರೆಯಿರಿ. ಬ್ಯಾಂಕಿನ ಲಾಕರ್ ಬಗ್ಗೆಯೂ ಒಂದು ಮಾತು: ಸಂಗ್ರಹವನ್ನು ಎರಡು ಕಡೆ ಹಂಚಿಡಲು ಅದು ಒಳ್ಳೆಯ ಜಾಗ, ಒಂದೇ ಬೆಂಕಿಗೆ ಎಲ್ಲ ಹೋಗುವುದಿಲ್ಲ. ಆದರೆ ಒಳಗಿನ ವಸ್ತುಗಳಿಗೆ ಬ್ಯಾಂಕೇ ವಿಮೆ ಮಾಡಿಸಿರುತ್ತದೆ ಎಂದು ತಿಳಿಯಬೇಡಿ, ಠೇವಣಿಗಿರುವ ವಿಮೆ ಲಾಕರಿನ ವಸ್ತುವಿಗಿಲ್ಲ. ನಿಮ್ಮ ಪಾಲಿಸಿಯಲ್ಲಿ ಆ ಜಾಗದ ಹೆಸರೂ ಇರಬೇಕು.

ಇಷ್ಟೆಲ್ಲ ಮಾಡಿಯೂ ಅನಾಹುತ ಆಯಿತೆಂದುಕೊಳ್ಳಿ. ಆಗ ನೆನಪಿಡಬೇಕಾದದ್ದು 48 ಗಂಟೆ. ಒದ್ದೆ ಕಾಗದದಲ್ಲಿ ಬೂಷ್ಟು ಹಿಡಿಯಲು ಸುಮಾರು ಅಷ್ಟು ಹೊತ್ತು ಸಾಕು. ಮನೆಯೊಳಗೆ ಹೋಗಬಹುದು ಎಂದ ಮೇಲೆ ಮೊದಲು ಎಲ್ಲವನ್ನೂ ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಕಂಪನಿಗೆ ಅಂದೇ ತಿಳಿಸಿ. ನಷ್ಟ ಅಳೆಯುವ ಸರ್ವೇಯರ್ ಬರುವವರೆಗೆ ಏನನ್ನೂ ಎಸೆಯಬೇಡಿ. ಹಾಗೆಂದು ಕೈಕಟ್ಟಿ ಕೂರಲೂ ಬಾರದು, ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿ ಹೊಂದಿದವರ ಕರ್ತವ್ಯ. ಫೋಟೋ ತೆಗೆದು, ಕಂಪನಿಗೆ ಹೇಳಿ, ಕೆಲಸ ಶುರು ಮಾಡಿ. ಒದ್ದೆ ಆಲ್ಬಂಗಳನ್ನು ತೆರೆಯಲು ಹೋಗಬೇಡಿ. ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿಗೆ ತಳ್ಳಿ. ಹೆಪ್ಪುಗಟ್ಟಿದ ಮೇಲೆ ಬೂಷ್ಟು ಬೆಳೆಯುವುದಿಲ್ಲ, ಕಾಲ ಅಲ್ಲೇ ನಿಲ್ಲುತ್ತದೆ. ಒಂದೊಂದನ್ನೇ ಹೊರತೆಗೆದು ನಿಧಾನವಾಗಿ ಬಿಡಿಸಬಹುದು, ಅಥವಾ ಸಂರಕ್ಷಣೆ ಬಲ್ಲವರಿಗೆ ಕಳಿಸಬಹುದು. ವೈಮಾರಿನಲ್ಲಿ ಮಾಡಿದ್ದೂ ಇದೇ. ಬಿಡಿ ಚೀಟಿಗಳು ನೆನೆದಿದ್ದರೆ ಮುಖ ಕೆಳಗಾಗಿ ಬ್ಲಾಟಿಂಗ್ ಪೇಪರಿನ ಮೇಲೆ ಹರಡಿ, ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬೀಳದಂತೆ. ಒಂದಕ್ಕೊಂದು ಅಂಟಿಕೊಂಡ ಫೋಟೋಗಳು ಒಣಗಲು ಬಿಟ್ಟರೆ ಮತ್ತೆ ಬಿಡುವುದಿಲ್ಲ, ಬಿಡಿಸುವವರೆಗೆ ತಣ್ಣನೆಯ ಶುದ್ಧ ನೀರಿನಲ್ಲಿಡಿ, ಎರಡು ದಿನ ಮೀರದಂತೆ. ಗಾಜಿನ ನೆಗೆಟಿವ್‌ಗಳನ್ನು ಮಾತ್ರ ಫ್ರೀಜರಿನಲ್ಲಿಡಬೇಡಿ.

ಹೊಗೆಮಸಿ ಹತ್ತಿದ್ದನ್ನು ಒರೆಸಲೇಬೇಡಿ. ಕೈ ತಾನಾಗಿ ಬಟ್ಟೆಯತ್ತ ಹೋಗುತ್ತದೆ, ತಡೆಯಿರಿ. ಮಸಿ ಎಣ್ಣೆಯ ಪಸೆ ಇರುವ ಅತಿ ನುಣ್ಣನೆಯ ಪುಡಿ, ಒಮ್ಮೆ ಉಜ್ಜಿದರೆ ಕಾಗದದ ನಾರಿನೊಳಗೆ ಇಳಿದುಬಿಡುತ್ತದೆ. ಅದನ್ನು ತೆಗೆಯಲು ಒಣ ರಬ್ಬರ್ ಸ್ಪಂಜು ಇದೆ, ಒರೆಸದೆ ಮೆಲ್ಲಗೆ ಒತ್ತಿ ಎತ್ತಬೇಕು. ನಾಣ್ಯಗಳನ್ನಂತೂ ಹುಣಸೆಹಣ್ಣೋ ಪಾಲಿಷೋ ಹಾಕಿ ತಿಕ್ಕಿ ಬೆಳಗಲು ಹೋಗಬೇಡಿ. ಬೆಂಕಿ ಉಳಿಸಿದ ಬೆಲೆಯನ್ನು ನೀವೇ ಕಳೆದಂತಾಗುತ್ತದೆ.

ಕೊನೆಗೆ ಅಜ್ಜನ ಪತ್ರಗಳು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲ ಎಂದಿರಿ, ಪೂರ್ತಿ ನಿಜವಲ್ಲದಿರಬಹುದು. ಲಕೋಟೆಗಳ ಮೇಲಿನ ಮುದ್ರೆ, ದರ, ಹೋದ ದಾರಿ ಇವುಗಳಿಗೆ ಅಂಚೆ ಇತಿಹಾಸದ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ. ಮೌಲ್ಯಮಾಪಕರಿಗೆ ಅವನ್ನೂ ತೋರಿಸಿ. ಆದರೆ ಒಳಗಿನ ಅಕ್ಷರಗಳಿಗೆ ಯಾವ ಕಂಪನಿಯೂ ಹಣ ಕೊಡಲಾರದು, ಕೊಟ್ಟರೂ ನಿಮಗೆ ಅದು ಬೇಕಾಗಿಲ್ಲ. ಆದ್ದರಿಂದ ಪ್ರೀಮಿಯಮ್ಮಿನ ಹಣ ಅದಕ್ಕೆ ಹಾಕದೆ ಸಮಯ ಹಾಕಿ. ಪ್ರತಿ ಪತ್ರವನ್ನೂ ಎರಡೂ ಬದಿ, ಲಕೋಟೆ ಸಮೇತ, 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಅಜ್ಜನ ಕೈಬರಹ ಓದಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಓದಿ ಹೇಳಿದ್ದನ್ನು ಧ್ವನಿಮುದ್ರಿಸಿಕೊಳ್ಳಿ. ಪತ್ರದಲ್ಲಿ ಬರುವ ಹೆಸರುಗಳು ಯಾರವು ಎಂದು ಅವರಿಗೆ ಮಾತ್ರ ಗೊತ್ತಿರುತ್ತದೆ. ಸ್ಕ್ಯಾನುಗಳನ್ನು ತಮ್ಮನಿಗೂ ತಂಗಿಗೂ ಕಳಿಸಿ. ಮೂಲ ಪತ್ರಗಳನ್ನು ಮಡಿಕೆ ಬಿಡಿಸಿ, ಆಮ್ಲರಹಿತ ಲಕೋಟೆಗಳಲ್ಲಿ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿ ಲಾಕರಿನಲ್ಲಿಡಿ. ಎರಡು ಆಲ್ಬಂಗಳಿಗೆ ಎಂದೆನಲ್ಲ, ಒಂದನ್ನು ಹೊರಗಿಟ್ಟಾದರೂ ಈ ಪೆಟ್ಟಿಗೆಗೆ ಅಲ್ಲಿ ಜಾಗ ಮಾಡಿ. ಚೀಟಿಗಳನ್ನು ಮತ್ತೆ ಕೊಳ್ಳಬಹುದು.